ಹೊರಗೋಡೆಗೆ ಪುಸ್ತಕದ ಕಪಾಟು ಬೇಡ

ಮಾನ್ಯರೇ,

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಪುಸ್ತಕದ ಕಪಾಟನ್ನು ಹೊರಗೋಡೆಗೇ ಅಂಟಿಸಿ, ಗಾಜಿನ ಬಾಗಿಲು ಬಿಗಿಯಾಗಿ ಮುಚ್ಚಿಡುವುದನ್ನು ಕಂಡಾಗ ಸಂಕಟವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹೊಡೆಯುವ ಗೋಡೆಯ ತೇವವೆಲ್ಲ ಹಿಂಬದಿಯ ಹಲಗೆಗೆ ಇಳಿಯುತ್ತದೆ. ಗಾಳಿಯ ತೇವಾಂಶ ಶೇ 65 ದಾಟಿ ಹಾಗೇ ನಿಂತರೆ ಬೂಸ್ಟು ಗ್ಯಾರಂಟಿ. ಬಟ್ಟೆ ಬೈಂಡಿನ ರಟ್ಟು, ಗೋಂದು ಹಚ್ಚಿದ ಬೆನ್ನು ಮೊದಲು ಬಲಿಯಾಗುತ್ತವೆ. ಕಪಾಟು ಗೋಡೆಯಿಂದ ಎರಡು ಇಂಚು, ನೆಲದಿಂದ ನಾಲ್ಕು ಇಂಚು ದೂರವಿರಲಿ. ಪುಸ್ತಕಗಳ ಹಿಂದೆಯೂ ಒಂದು ಇಂಚು ಜಾಗ ಬಿಡಿ. ಮಳೆ ಬಿಟ್ಟ ದಿನ ಬಾಗಿಲು ತೆರೆದು ಫ್ಯಾನ್ ಹಾಕಿ. ನೇರ ಬಿಸಿಲಿಗೆ ಒಡ್ಡಿದರೆ ರಟ್ಟು ಸೊಟ್ಟಗಾಗಿ ಬಣ್ಣ ಮಾಸುತ್ತದೆ.

ಪುಸ್ತಕ ಇಡುವ ಅಡ್ಡ ಹಲಗೆಗೆ 18 ಮಿ.ಮೀ. ಪಾರ್ಟಿಕಲ್ ಬೋರ್ಡನ್ನು (ಮರದ ಪುಡಿ ಒತ್ತಿ ಮಾಡಿದ ಹಲಗೆ) ಎರಡೂವರೆ ಅಡಿಗಿಂತ ಉದ್ದ ಹಾಕಿದರೆ ನಡುವೆ ಬಾಗುತ್ತದೆ. ಪ್ಲೈವುಡ್ಡೇ ವಾಸಿ.

ಹಾಳೆಯಲ್ಲಿ ಸೂಜಿಮೊನೆಯಷ್ಟು ತೂತು, ಕೆಳಗೆ ಹಿಟ್ಟಿನಂತಹ ಪುಡಿ ಕಂಡರೆ ಅದು ಹುಳುವಿನ ಕೆಲಸ. ನುಸಿ ಗುಳಿಗೆ ಇಟ್ಟರೆ ಒಳಗಿರುವ ಮರಿ ಸಾಯುವ ಭರವಸೆಯಿಲ್ಲ. ಅಂಥ ಪುಸ್ತಕವನ್ನು ಬೇರ್ಪಡಿಸಿ, ಗಾಳಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಲೇಬೇಡಿ. ಬಿಚ್ಚಿದರೆ ತಣ್ಣನೆಯ ಹಾಳೆಗಳ ಮೇಲೆ ನೀರು ಕೂರುತ್ತದೆ. ಗೆದ್ದಲಿಗೆ ಮಾತ್ರ ಇದು ಸಾಲದು. ಅದು ಬರುವುದು ನೆಲ, ಗೋಡೆಯ ಬಿರುಕಿನಿಂದ. ಮಣ್ಣಿನ ಗೆರೆ ಎಲ್ಲಿಂದ ಹೊರಟಿದೆ ಎಂದು ಹುಡುಕಿ ಅಲ್ಲೇ ಮದ್ದು ಹಾಕಿಸಬೇಕು.

— ಓದುಗ, ತೀರ್ಥಹಳ್ಳಿ