ನಾಯಿಗಳ ಹೃದಯಕ್ಕೊಂದು ಎಕೋ ಯಂತ್ರ: ದೇಣಿಗೆ ಮನವಿ

ಪ್ರಾಣಿಪ್ರಿಯ ಬಂಧುಗಳೇ,

ಮೈಸೂರಿನ ನಮ್ಮ ಟ್ರಸ್ಟಿನ ಧರ್ಮಾರ್ಥ ಚಿಕಿತ್ಸಾಲಯಕ್ಕೆ ಹೃದಯದ ಕಾಯಿಲೆಯ ನಾಯಿಗಳು ಬರುವುದು ಹೆಚ್ಚಾಗಿ ಕೆಮ್ಮಿನ ಹೆಸರಿನಲ್ಲಿ. "ರಾತ್ರಿಯಾದರೆ ಕೆಮ್ಮುತ್ತೆ ಸಾರ್, ಗಂಟಲಲ್ಲಿ ಏನೋ ಸಿಕ್ಕಿಹಾಕಿಕೊಂಡ ಹಾಗೆ ಕ್ಯಾಕರಿಸುತ್ತೆ" ಅನ್ನುತ್ತಾರೆ ಮನೆಯವರು. ಜೇನುತುಪ್ಪ ನೆಕ್ಕಿಸಿ ನೋಡಿರುತ್ತಾರೆ, ಮಕ್ಕಳ ಕೆಮ್ಮಿನ ಸಿರಪ್ಪೂ ಆಗಿರುತ್ತದೆ. ವಯಸ್ಸಾದ ಪಮೇರಿಯನ್ನೋ ಡ್ಯಾಶ್‌ಹೌಂಡೋ ಮುಂಗಾಲು ಅಗಲಿಸಿ, ಕುತ್ತಿಗೆ ಚಾಚಿಕೊಂಡು ರಾತ್ರಿಯೆಲ್ಲ ನಿಂತೇ ಇತ್ತು ಎಂದು ಹೇಳುವ ಹೊತ್ತಿಗೆ ಶ್ವಾಸಕೋಶಕ್ಕೆ ನೀರು ತುಂಬಿರುತ್ತದೆ. ಮಲಗಿದರೆ ಉಸಿರು ಸಿಗುವುದಿಲ್ಲ ಎಂದು ಆ ಪ್ರಾಣಿ ಮಲಗುವುದನ್ನೇ ಬಿಟ್ಟಿರುತ್ತದೆ.

ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಹೊರಹಾಕಿಸುವ ಲ್ಯಾಸಿಕ್ಸ್ ಚುಚ್ಚುಮದ್ದು, ಆಮ್ಲಜನಕ ಕೊಟ್ಟು ಆ ಗಳಿಗೆಯನ್ನು ದಾಟಿಸಲು ನಮ್ಮಿಂದ ಆಗುತ್ತದೆ. ಅದಕ್ಕಿಂತ ಒಂದೆರಡು ವರ್ಷ ಮೊದಲೇ ಕಾಯಿಲೆಯನ್ನು ಕಂಡುಹಿಡಿಯಬೇಕೆಂದರೆ ನಮ್ಮ ಬಳಿ ಇರುವುದು ಸ್ಟೆತಾಸ್ಕೋಪು ಮತ್ತು ಹಳೆಯ ಎಕ್ಸ್‌ರೇ ಯಂತ್ರ ಮಾತ್ರ. ಹೃದಯದ ಒಳಗನ್ನು ತೋರಿಸುವ ಎಕೋ ಯಂತ್ರ ಕೊಳ್ಳಲು ಈ ಮನವಿ. ಅದರ ಜೊತೆಗೆ ಇನ್ನೆರಡು ಕೋರಿಕೆಗಳೂ ಇವೆ.

ಎಕೋ ಏಕೆ ಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಣ್ಣ ತಳಿಯ ನಾಯಿಗಳಿಗೆ ವಯಸ್ಸಾದಂತೆ ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಾಗಿ, ಸರಿಯಾಗಿ ಮುಚ್ಚಿಕೊಳ್ಳದೆ ಸೋರತೊಡಗುತ್ತದೆ. ನಾಯಿಗಳ ಹೃದ್ರೋಗದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದು ಇದೇ. ಈ ಕಾಯಿಲೆಗೆ ಪಿಮೊಬೆಂಡಾನ್ ಎಂಬ ಮಾತ್ರೆ ಇದೆ. ಹೃದಯದ ಸ್ನಾಯು ಬಲವಾಗಿ ಸಂಕುಚಿಸುವಂತೆ ಮಾಡಿ, ರಕ್ತನಾಳಗಳನ್ನು ಸಡಿಲಿಸಿ ಹೃದಯದ ಹೊರೆ ಇಳಿಸುವ ಔಷಧ ಇದು. ಕವಾಟ ಸೋರುತ್ತಿದ್ದು, ಹೃದಯ ದೊಡ್ಡದಾಗಿದ್ದು, ಇನ್ನೂ ಉಬ್ಬಸ ಶುರುವಾಗದ 360 ನಾಯಿಗಳನ್ನು 11 ದೇಶಗಳಲ್ಲಿ ಆರಿಸಿ ಇದರ ಪರೀಕ್ಷೆ ನಡೆಸಿದರು. ಅರ್ಧದಷ್ಟು ನಾಯಿಗಳಿಗೆ ಔಷಧ, ಉಳಿದವಕ್ಕೆ ನೋಡಲು ಹಾಗೆಯೇ ಇರುವ ಹುಸಿಮಾತ್ರೆ. ಯಾವ ನಾಯಿಗೆ ಯಾವುದು ಎಂದು ಸಾಕಿದವರಿಗೂ ಗೊತ್ತಿರಲಿಲ್ಲ, ವೈದ್ಯರಿಗೂ ಗೊತ್ತಿರಲಿಲ್ಲ. ಎಪಿಕ್ ಎಂಬ ಹೆಸರಿನ ಈ ಪರೀಕ್ಷೆಯ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಹೃದಯ ಸೋಲುವ ಹಂತ ಅಥವಾ ಹೃದ್ರೋಗದಿಂದ ಸಾವು ಬರುವವರೆಗಿನ ಮಧ್ಯಮ ಅವಧಿ (ಅರ್ಧದಷ್ಟು ನಾಯಿಗಳು ಆ ಹಂತ ಮುಟ್ಟಲು ಹಿಡಿದ ಕಾಲ) ಹುಸಿಮಾತ್ರೆಯ ಗುಂಪಿನಲ್ಲಿ 766 ದಿನ, ಔಷಧದ ಗುಂಪಿನಲ್ಲಿ 1,228 ದಿನ. ಅಂದರೆ ಸುಮಾರು 15 ತಿಂಗಳು ಹೆಚ್ಚು. ನಾಯಿಯ ಆಯುಸ್ಸಿನ ಲೆಕ್ಕದಲ್ಲಿ ಇದು ಬಹಳ ದೊಡ್ಡದು. ಲಾಭ ಇಷ್ಟು ಸ್ಪಷ್ಟವಾಗಿ ಕಂಡದ್ದರಿಂದ, ಒಂದು ಗುಂಪನ್ನು ಇನ್ನೂ ಹುಸಿಮಾತ್ರೆಯಲ್ಲಿ ಇಡುವುದು ಸರಿಯಲ್ಲವೆಂದು ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಕವಾಟ ಸೋರುವ ನಾಯಿಗಳಿಗೆಲ್ಲ ಈ ಮಾತ್ರೆ ಬೇಕಾಗಿಲ್ಲ ಎಂಬುದನ್ನೂ ಗಮನಿಸಿ. ಹೃದಯ ಒಂದು ಅಳತೆ ಮೀರಿ ಹಿಗ್ಗಿರುವ ನಾಯಿಗಳಲ್ಲಿ ಮಾತ್ರ ಆ ಲಾಭ ಸಾಬೀತಾಗಿದೆ, ಮತ್ತು ಆ ಹಿಗ್ಗನ್ನು ನಿಖರವಾಗಿ ಅಳೆಯುವುದು ಎಕೋ. ಎಕ್ಸ್‌ರೇಯಲ್ಲಿ ಹೃದಯದ ಉದ್ದಗಲವನ್ನು ಬೆನ್ನುಮೂಳೆಯ ಮಣಿಗಳಿಗೆ ಹೋಲಿಸಿ ಅಳೆಯುವ ವಿಧಾನವೊಂದಿದೆ. ಹತ್ತೂವರೆ ಮಣಿ ಮೀರಿದರೆ ಹೃದಯ ದೊಡ್ಡದಾಗಿದೆ ಎಂದು ಅನುಮಾನಿಸುತ್ತೇವೆ. ಈಗ ನಾವು ನೆಚ್ಚಿಕೊಂಡಿರುವುದು ಅದನ್ನೇ, ಆದರೆ ಕೆಲವು ತಳಿಗಳಲ್ಲಿ ಅದು ದಾರಿ ತಪ್ಪಿಸುತ್ತದೆ. ಎಕೋ ಮಾಡಿಸಲು ಬೆಂಗಳೂರಿಗೆ ಹೋಗಿ ಎಂದರೆ, ಸುಮಾರು 140 ಕಿ.ಮೀ. ದಾರಿ. ಏದುಸಿರು ಬಿಡುತ್ತಿರುವ ನಾಯಿಗೆ ಆ ಪ್ರಯಾಣದ ಗಾಬರಿಯೇ ಪ್ರಾಣಕ್ಕೆ ಎರವಾಗಬಹುದು. ಕಾರು ಇಲ್ಲದವರ ಪಾಡಂತೂ ಹೇಳುವುದೇ ಬೇಡ.

ಎಕೋ ಮಾಡುವ ಮೇಜಿಗೆ ಒಂದು ಕಡೆ ದುಂಡಗೆ ಕಿಂಡಿ ಕೊರೆದಿರುತ್ತಾರೆ. ನಾಯಿಯನ್ನು ಮಗ್ಗುಲಾಗಿ ಮಲಗಿಸಿ, ಎದೆಯ ಅಂಗೈಯಗಲದ ಜಾಗದಲ್ಲಿ ಕೂದಲು ಬೋಳಿಸಿ, ಜೆಲ್ ಹಚ್ಚಿ, ಕಿಂಡಿಯ ಕೆಳಗಿನಿಂದ ಪ್ರೋಬ್ ಒತ್ತಿ ಹಿಡಿಯುತ್ತಾರೆ. ಮಗ್ಗುಲಾದಾಗ ಹೃದಯ ಎದೆಗೂಡಿನ ಗೋಡೆಗೆ ಹತ್ತಿರ ಬರುತ್ತದೆ, ಚಿತ್ರ ಸ್ಪಷ್ಟವಾಗುತ್ತದೆ. ಅರಿವಳಿಕೆ ಬೇಕಾಗುವುದು ಅಪರೂಪ. ತಲೆಯ ಹತ್ತಿರ ಮನೆಯವರು ನಿಂತು ಕಿವಿ ಸವರುತ್ತಿದ್ದರೆ ಸಾಕು.

ಮನುಷ್ಯರಿಗೇ ಚಿಕಿತ್ಸೆ ಸಿಗದಿರುವಾಗ ನಾಯಿಗೆ ಎಕೋ ಏಕೆ ಎಂದು ಕೇಳುವವರಿದ್ದಾರೆ. ಅವರ ಮೇಲೆ ನಮಗೆ ಸಿಟ್ಟಿಲ್ಲ. ನಮ್ಮ ಉತ್ತರ ಇಷ್ಟೇ: ಮನುಷ್ಯರ ಹೃದಯಕ್ಕೆ ಇಂದು ಸಿಗುತ್ತಿರುವ ಚಿಕಿತ್ಸೆಯ ದೊಡ್ಡ ಪಾಲು ನಾಯಿಗಳ ಋಣ. 1957ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಅರ್ಲ್ ಬಾಕನ್ ಎಂಬ ಇಂಜಿನಿಯರ್ ಬ್ಯಾಟರಿಯಿಂದ ನಡೆಯುವ ಪುಟ್ಟ ಪೇಸ್‌ಮೇಕರ್ ತಯಾರಿಸಿದಾಗ ಅದನ್ನು ಮೊದಲು ಜೋಡಿಸಿ ನೋಡಿದ್ದು ಒಂದು ನಾಯಿಗೆ. ಮಾರನೆಯ ದಿನವೇ ಅದು ಒಂದು ಮಗುವಿನ ಹೃದಯವನ್ನು ಮಿಡಿಸುತ್ತಿತ್ತು. ಬಾಲ್ಟಿಮೋರ್‌ನಲ್ಲಿ ಮಿಶೆಲ್ ಮಿರೋವ್ಸ್ಕಿ ಮತ್ತು ಸಂಗಡಿಗರು, ಲಯ ತಪ್ಪಿದ ಹೃದಯಕ್ಕೆ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ, ದೇಹದೊಳಗೆ ಕೂರಿಸುವ ಡಿಫಿಬ್ರಿಲೇಟರನ್ನು ವರ್ಷಗಟ್ಟಲೆ ನಾಯಿಗಳಲ್ಲೇ ಪರೀಕ್ಷಿಸಿದರು. ಹೃದಯ ನಿಂತಂತಾಗಿ ಕುಸಿದುಬಿದ್ದ ನಾಯಿ, ಉಪಕರಣದ ಆಘಾತ ಸಿಕ್ಕಿದ್ದೇ ಎದ್ದು ಬಾಲ ಅಲ್ಲಾಡಿಸಿದ್ದನ್ನು ಚಿತ್ರೀಕರಿಸಿ ತೋರಿಸಿದ ಮೇಲೆಯೇ ಅನುಮಾನಪಡುತ್ತಿದ್ದ ವೈದ್ಯರು ನಂಬತೊಡಗಿದ್ದು. ಮನುಷ್ಯನಿಗೆ ಮೊದಲ ಬಾರಿ ಅದನ್ನು ಕೂರಿಸಿದ್ದು 1980ರಲ್ಲಿ.

ಇದರಲ್ಲಿ ನೋವಿನ ಭಾಗವೂ ಇದೆ, ಅದನ್ನು ಮುಚ್ಚಿಟ್ಟು ದೇಣಿಗೆ ಕೇಳಲು ನಮಗೆ ಇಷ್ಟವಿಲ್ಲ. ಹೃದಯ ಸೋಲುವುದನ್ನು ಅಭ್ಯಾಸ ಮಾಡಲೆಂದು ಆರೋಗ್ಯವಂತ ನಾಯಿಗಳ ಹೃದಯವನ್ನು ವಾರಗಟ್ಟಲೆ ವಿದ್ಯುತ್ತಿನಿಂದ ಅತಿವೇಗವಾಗಿ ಮಿಡಿಸಿ ದುರ್ಬಲಗೊಳಿಸಿದ ಪ್ರಯೋಗಗಳು ನಡೆದಿವೆ. ಹೃದಯದ ರಕ್ತನಾಳಗಳಿಗೆ ಸೂಕ್ಷ್ಮ ಮಣಿಗಳನ್ನು ಬಿಟ್ಟು ಸ್ನಾಯುವನ್ನು ಹಂತಹಂತವಾಗಿ ಸಾಯಿಸಿದ ಪ್ರಯೋಗಗಳೂ ನಡೆದಿವೆ. ಹಾಗೆ ಸೋತ ಹೃದಯಗಳ ಮೇಲೆ ಔಷಧಗಳನ್ನೂ ವಿದ್ಯುತ್ ಉಪಕರಣಗಳನ್ನೂ ಪರೀಕ್ಷಿಸಿದರು. ನಮ್ಮ ಟ್ರಸ್ಟು ಅಂಥ ಪ್ರಯೋಗಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಎಪಿಕ್‌ನಂಥ ಪರೀಕ್ಷೆಗಳ ರೀತಿ ಬೇರೆ. ಅಲ್ಲಿದ್ದದ್ದು ತಾವಾಗಿ ಕಾಯಿಲೆ ಬಂದ ಮನೆಯ ನಾಯಿಗಳು, ಸಾಕಿದವರ ಒಪ್ಪಿಗೆ ಪಡೆದು, ತಮ್ಮ ಮನೆಯಲ್ಲೇ ಇದ್ದುಕೊಂಡು ಔಷಧ ತೆಗೆದುಕೊಂಡವು. ಡಾಬರ್‌ಮನ್‌ಗಳಿಗೆ ಬರುವ, ಹೃದಯದ ಸ್ನಾಯುವೇ ಸಡಿಲಾಗುವ ಕಾಯಿಲೆಯಲ್ಲೂ ಪಿಮೊಬೆಂಡಾನ್‌ನ ಇದೇ ರೀತಿಯ ಪರೀಕ್ಷೆ ನಡೆಯಿತು. 2012ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಹೃದಯ ಸೋಲುವ ಹಂತ ಅಥವಾ ಹಠಾತ್ ಸಾವು ಬರುವವರೆಗಿನ ಅವಧಿ 441 ದಿನದಿಂದ 718ಕ್ಕೆ ಏರಿತ್ತು.

ಪರೀಕ್ಷೆಗಳು ಏನು ಬೇಡ ಎಂಬುದನ್ನೂ ಹೇಳಿಕೊಟ್ಟಿವೆ. ಪಿಮೊಬೆಂಡಾನ್ ಮತ್ತು ಲ್ಯಾಸಿಕ್ಸ್ ತೆಗೆದುಕೊಳ್ಳುತ್ತಿರುವ ಕವಾಟದ ಕಾಯಿಲೆಯ ನಾಯಿಗಳಿಗೆ ರಾಮಿಪ್ರಿಲ್ ಎಂಬ ರಕ್ತದೊತ್ತಡದ ಮಾತ್ರೆ ಸೇರಿಸಿದರೆ ಆಯುಸ್ಸು ಹೆಚ್ಚಲಿಲ್ಲ ಎಂದು ಒಂದು ಪರೀಕ್ಷೆ ತೋರಿಸಿತು. ದಾನಿಗಳ ಹಣದಲ್ಲಿ ಔಷಧ ಕೊಡುವ ನಮಗೆ ಇಂಥ ಮಾಹಿತಿ ಬಹಳ ಮುಖ್ಯ.

ನಮ್ಮ ಎರಡನೆಯ ಕೋರಿಕೆ ಔಷಧ ನಿಧಿಗೆ. ಲ್ಯಾಸಿಕ್ಸ್, ಅದರಂತೆಯೇ ನೀರು ಇಳಿಸುವ ಸ್ಪೈರೊನೊಲ್ಯಾಕ್ಟೋನ್ ಯಾವ ಮೆಡಿಕಲ್ ಸ್ಟೋರಿನಲ್ಲಾದರೂ ಕಡಿಮೆ ಬೆಲೆಗೆ ಸಿಗುತ್ತವೆ. ಪಿಮೊಬೆಂಡಾನ್ ಹಾಗಲ್ಲ. ದಿನಕ್ಕೆರಡು ಹೊತ್ತು, ಬದುಕಿರುವಷ್ಟು ದಿನ ಕೊಡಬೇಕು. ಪಿಂಚಣಿಯಲ್ಲಿ ಬದುಕುವ ಒಂಟಿ ಹಿರಿಯರು, ಬೀದಿನಾಯಿಗೆ ಅನ್ನ ಹಾಕಿ ಸಾಕುವ ಹೂವಿನ ಅಂಗಡಿಯವರು ಎರಡು ತಿಂಗಳು ತಂದು ಮೂರನೆಯ ತಿಂಗಳು ಸುಮ್ಮನಾಗುತ್ತಾರೆ. ಅವರನ್ನು ಕೇಳಲು ನಮಗೇ ಸಂಕೋಚವಾಗುತ್ತದೆ. ಈ ನಿಧಿ ಅಂಥವರಿಗಾಗಿ.

ಮೂರನೆಯದು ಹಣದ ಕೋರಿಕೆಯಲ್ಲ, ಬಳಸಿದ ಪೇಸ್‌ಮೇಕರ್‌ಗಳದ್ದು. ನಾಯಿಗಳಿಗೂ ಹೃದಯದ ವಿದ್ಯುತ್ ಸಂಚಾರ ಕಡಿದುಹೋಗಿ ಮಿಡಿತ ತೀರಾ ನಿಧಾನವಾಗುವುದುಂಟು. ಆಟದ ನಡುವೆ ಧೊಪ್ಪನೆ ಬಿದ್ದು, ಕ್ಷಣದಲ್ಲಿ ಏನೂ ಆಗದಂತೆ ಎದ್ದು ನಡೆಯುವ ನಾಯಿಯನ್ನು ಫಿಟ್ಸ್ ಎಂದುಕೊಂಡು ಕರೆತರುತ್ತಾರೆ. ಇಸಿಜಿ ತೆಗೆದರೆ ನಿಜ ಗೊತ್ತಾಗುತ್ತದೆ. ಇದಕ್ಕೆ ಮಾತ್ರೆಯಿಂದ ಹೆಚ್ಚು ಉಪಯೋಗವಿಲ್ಲ, ಪೇಸ್‌ಮೇಕರೇ ಬೇಕು. ಕುತ್ತಿಗೆಯ ರಕ್ತನಾಳದ ಮೂಲಕ ತಂತಿಯನ್ನು ಹೃದಯದ ಬಲಗೋಣೆಗೆ ಇಳಿಸಿ, ಉಪಕರಣವನ್ನು ಕುತ್ತಿಗೆಯ ಚರ್ಮದಡಿ ಕೂರಿಸುತ್ತಾರೆ. ಆಮೇಲೆ ಆ ನಾಯಿಗೆ ಕೊರಳಪಟ್ಟಿ ಹಾಕುವಂತಿಲ್ಲ, ಎದೆಗೆ ಕಟ್ಟುವ ಹಾರ್ನೆಸ್ ಹಾಕಬೇಕು. ಕಾಯಿಲೆಯ ನಾಯಿಗೆ ಮೊದಲ ಪೇಸ್‌ಮೇಕರ್ ಸಿಕ್ಕಿದ್ದು 1967ರಲ್ಲಿ, ಫಿಲಡೆಲ್ಫಿಯಾದ ಪಶುವೈದ್ಯ ಜೇಮ್ಸ್ ಬುಕಾನನ್ ಅವರಿಂದ. ಮೇಲೆ ಹೇಳಿದ ಎಕ್ಸ್‌ರೇ ಮಣಿಯಳತೆಯ ವಿಧಾನವನ್ನು ಮುಂದೆ ಕೊಟ್ಟವರೂ ಅವರೇ. ನಮ್ಮ ದೇಶದಲ್ಲಿ 2020ರಲ್ಲಿ ದೆಹಲಿಯಲ್ಲಿ ಖುಷಿ ಎಂಬ ಕಾಕರ್ ಸ್ಪ್ಯಾನಿಯಲ್‌ಗೆ ಪೇಸ್‌ಮೇಕರ್ ಕೂರಿಸಿದ್ದು ದೊಡ್ಡ ಸುದ್ದಿಯಾಯಿತು.

ಹೊಸ ಪೇಸ್‌ಮೇಕರ್‌ನ ಬೆಲೆ ಸಾಮಾನ್ಯರ ಕೈಗೆ ಎಟುಕುವುದಲ್ಲ. ಆದರೆ ಪೇಸ್‌ಮೇಕರ್ ಇದ್ದವರು ತೀರಿಕೊಂಡಾಗ ದಹನಕ್ಕೆ ಮೊದಲು ಅದನ್ನು ತೆಗೆಯಲೇಬೇಕು, ಬೆಂಕಿಯಲ್ಲಿ ಅದರ ಲಿಥಿಯಂ ಬ್ಯಾಟರಿ ಸಿಡಿಯುತ್ತದೆ. ಹಾಗೆ ತೆಗೆದವು ಕಸಕ್ಕೆ ಹೋಗುತ್ತವೆ, ಇಲ್ಲವೇ ಯಾರದೋ ಬೀರುವಿನಲ್ಲಿ ಉಳಿಯುತ್ತವೆ. ಬ್ಯಾಟರಿಯಲ್ಲಿ ಇನ್ನೂ ಕೆಲವು ವರ್ಷ ಉಳಿದಿದ್ದರೆ ಒಂದು ನಾಯಿಯ ಜೀವಮಾನಕ್ಕೆ ಅದು ಸಾಕು. ವಿದೇಶಗಳಲ್ಲಿ ಪಶುವೈದ್ಯರು ಇಂಥವನ್ನು ದಾನವಾಗಿ ಪಡೆದು, ಶುದ್ಧೀಕರಿಸಿ ಬಳಸುತ್ತಾ ಬಂದಿದ್ದಾರೆ. ನಾವೂ ಇವನ್ನು ಸಂಗ್ರಹಿಸಿ, ಶಸ್ತ್ರಚಿಕಿತ್ಸೆ ಮಾಡುವ ಪರಿಣತ ಪಶುವೈದ್ಯರಿಗೆ ಒಪ್ಪಿಸುತ್ತೇವೆ. ತಂತಿ ಮಾತ್ರ ಹೊಸದೇ ಆಗಬೇಕು, ಅದರ ಖರ್ಚು ನಿಧಿಯಿಂದ.

ಮೈಸೂರು–ಬೆಂಗಳೂರು ದಾರಿಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು ಕ್ರಿ.ಶ. 950ರ ಒಂದು ಶಾಸನ ಸಿಕ್ಕಿತ್ತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಗೆ ಗಂಗರ ಕಾಲದ ಯೋಧ ಮಣಲೇರ ನಿಲ್ಲಿಸಿದ ಕಲ್ಲು ಅದು. ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ದತ್ತಿ ಬಿಟ್ಟಿದ್ದಾರೆ. ನಾಯಿಗಾಗಿ ದತ್ತಿ ಬಿಡುವುದು ಈ ನೆಲಕ್ಕೆ ಹೊಸದಲ್ಲ.

ದೇಣಿಗೆ ಕೊಡಲಾಗದವರು ಇದೊಂದನ್ನು ಮಾಡಿ. ನಿಮ್ಮ ನಾಯಿ ಗಾಢವಾಗಿ ನಿದ್ದೆ ಮಾಡುತ್ತಿರುವಾಗ ಎದೆ ಏರುವುದನ್ನು ಅರ್ಧ ನಿಮಿಷ ಎಣಿಸಿ, ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ದಿನವೂ ಅದಕ್ಕಿಂತ ಹೆಚ್ಚಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಎಣಿಸಿದ್ದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಂಡು ಬಂದರೆ ನಮಗೆ ಅರ್ಧ ಕೆಲಸ ಮುಗಿದಂತೆ.

ಹಣ ಎಷ್ಟಾದರೂ ಸರಿ. ನೂರು ರೂಪಾಯಿಗೂ ರಸೀದಿ ಕೊಡುತ್ತೇವೆ. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಬೇಕಾದವರು 2,000 ರೂಪಾಯಿ ಮೀರಿದ ಮೊತ್ತವನ್ನು ನಗದಾಗಿ ಕೊಡಬೇಡಿ, ಚೆಕ್ ಅಥವಾ ಯುಪಿಐ ಮೂಲಕ ಕೊಡಿ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಮಾತ್ರ ಈ ವಿನಾಯಿತಿ ಸಿಗುತ್ತದೆ. ಎಕೋ ಯಂತ್ರ, ಔಷಧ ನಿಧಿ ಎರಡಕ್ಕೂ ಬೇರೆ ಬೇರೆ ಲೆಕ್ಕ ಇಡುತ್ತೇವೆ. ಯಾವುದಕ್ಕೆ ಎಂದು ಬರೆದು ಕೊಡಿ. ಯಾರು ಬೇಕಾದರೂ ಚಿಕಿತ್ಸಾಲಯಕ್ಕೆ ಬಂದು ಲೆಕ್ಕಪುಸ್ತಕ ನೋಡಬಹುದು.

ಪೇಸ್‌ಮೇಕರ್ ಕೊಡಬಯಸುವವರಲ್ಲಿ ಒಂದು ವಿನಂತಿ: ಅದನ್ನು ಆಸ್ಪತ್ರೆಯ ವೈದ್ಯರಿಂದಲೇ ತೆಗೆಸಿ. ಡಿಫಿಬ್ರಿಲೇಟರ್ ಆಗಿದ್ದರೆ ಮೊದಲು ಅದನ್ನು ನಿಷ್ಕ್ರಿಯಗೊಳಿಸದೆ ಯಾರೂ ಮುಟ್ಟಬಾರದು, ಆಘಾತ ಹೊಡೆಯುತ್ತದೆ. ಕುಟುಂಬದವರ ಸಹಿಯಿರುವ ಒಪ್ಪಿಗೆ ಪತ್ರ, ಸಿಕ್ಕರೆ ಉಪಕರಣದ ಜೊತೆ ಆಸ್ಪತ್ರೆ ಕೊಟ್ಟಿದ್ದ ಕಾರ್ಡು, ಎರಡನ್ನೂ ಲಕೋಟೆಯಲ್ಲಿಟ್ಟು ತನ್ನಿ. ಉಪಕರಣದೊಳಗಿನ ರೋಗಿಯ ವಿವರಗಳನ್ನು ಅಳಿಸಿಯೇ ಮುಂದಕ್ಕೆ ಕಳಿಸುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಟ್ರಸ್ಟಿನ ಪರವಾಗಿ, ಕಾರ್ಯದರ್ಶಿ