ಶನಿವಾರ ಸೇರೋಣ: ಮಕ್ಕಳ ಜೊತೆ ಈ ಮಾತು ಆಡಲೇಬೇಕು

ಎಲ್ಲಾ ಮೇಷ್ಟ್ರುಗಳಿಗೂ ಮೇಡಂಗಳಿಗೂ ನಮಸ್ಕಾರ.

ಈ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ, 12 ಗಂಟೆಗೆ, ನಮ್ಮ ಮಂಡ್ಯ ಶಾಲೆಯ ಲೈಬ್ರರಿಯಲ್ಲಿ ಸೇರೋಣ. ಕಿರುಕುಳ, ಲೈಂಗಿಕ ದೌರ್ಜನ್ಯದ ಬಗ್ಗೆ ಮಕ್ಕಳ ಜೊತೆ ಹೇಗೆ ಮಾತಾಡುವುದು ಅನ್ನುವುದೇ ವಿಷಯ. 8, 9, 10ನೇ ತರಗತಿಗೆ ಪಾಠ ಮಾಡುವವರೆಲ್ಲ ಬನ್ನಿ, ಪಿಟಿ ಮೇಷ್ಟ್ರೂ ಸೇರಿ. ಇದು ಮೇಡಂಗಳು ನೋಡ್ಕೊಳ್ಳುವ ವಿಷಯ ಅಂತ ಬಿಡಬೇಡಿ. ಹುಡುಗರ ಜೊತೆ ಮಾತಾಡುವುದೇ ಜಾಸ್ತಿ ಬೇಕಾಗಿದೆ, ಅಲ್ವಾ?

ಮೊನ್ನೆ ಮೆಟ್ಟಿಲ ಹತ್ತಿರ ಒಬ್ಬ ಹುಡುಗ ಒಬ್ಬಳು ಹುಡುಗಿಯ ಜಡೆ ಎಳೆದ. ಅವಳು ಬ್ಯಾಗನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದು ನಿಂತಳು. ನಾನು "ಏಯ್, ನಡೀರೋ" ಅಂದು ಸುಮ್ನೆ ಮುಂದೆ ಹೋದೆ. ಅಲ್ಲೇ ನಿಂತು ಮಾತಾಡಬೇಕಿತ್ತು.

ಮಗು ಏನಾದರೂ ಹೇಳಿಕೊಂಡರೆ ಪೂರ್ತಿ ಕೇಳಿ. "ನೀನ್ಯಾಕೆ ಅಲ್ಲಿಗೆ ಹೋದೆ" ಅನ್ನಬೇಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಯಾಕಂದ್ರೆ 18 ವರ್ಷದೊಳಗಿನ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾನೂನು) ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಶಾಲೆಯೊಳಗೇ ರಾಜಿ ಮಾಡಿಸಿ ಮುಚ್ಚಿಹಾಕುವ ಹಾಗಿಲ್ಲ. ಮಕ್ಕಳ ಸಹಾಯವಾಣಿ 1098. ಮಗುವಿನ ಹೆಸರು, ಫೋಟೊ ಈ ಗುಂಪಿನಲ್ಲೂ ಬೇಡ.

ನಿಮಗೆ ಉತ್ತರಿಸಲು ಕಷ್ಟವಾದ ಮಕ್ಕಳ ಒಂದು ಪ್ರಶ್ನೆ ಚೀಟಿಯಲ್ಲಿ ಬರೆದು ತನ್ನಿ. ಬರುವವರು ಗುರುವಾರದೊಳಗೆ ಇಲ್ಲೇ ಹೆಸರು ಹಾಕಿ, ಊಟಕ್ಕೆ ಹೇಳಬೇಕು.