ಭಾನುವಾರದ ಮನೆ ಮನೆ ಪ್ರಚಾರ: ಹುಡುಗರು, ಅಕ್ಕಾರು ಎಲ್ಲಾರೂ ಓದ್ರಿ

ಎಲ್ಲಾರಿಗೂ ನಮಸ್ಕಾರ್ರಿ.

ಗ್ರಾಮ ಪಂಚಾಯ್ತಿ ಚುನಾವಣೆ ಪ್ರಚಾರಕ್ಕ ಈ ಭಾನುವಾರ ಮುಂಜಾನೆ 7ಕ್ಕ ಹಣಮಪ್ಪನ ಗುಡಿ ಕಟ್ಟಿ ಹತ್ರ ಸೇರೂಣು. 10ರೊಳಗ ಎರಡು ಓಣಿ ಮುಗೀಬೇಕು. ಆಮ್ಯಾಲ ನಮ್ಮ ವಿಜಯಪುರದ ಬಿಸಿಲಿಗೆ ಯಾರೂ ಬಾಗಿಲಾ ತಗಿಯಂಗಿಲ್ಲ. ನೀರಿನ ಬಾಟ್ಲಿ, ಪೆನ್ನು ನೀವ ತರ್ರಿ. ಮತದಾರರ ಪಟ್ಟಿಯ ಜೆರಾಕ್ಸ್ ನಾ ತರ್ತೀನಿ.

ಹೊಸದಾಗಿ ಬಂದವರು ಒಂದು ತಿಳ್ಕೋರಿ: ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಚಿಹ್ನೆ ಮ್ಯಾಲ ನಡಿಯೂದಿಲ್ಲ. ಪಕ್ಷದ ಶಾಲು, ಬಾವುಟ ಮನ್ಯಾಗ ಇಡ್ರಿ. ಸುಮಾರು 400 ಜನಕ್ಕ ಒಬ್ಬ ಸದಸ್ಯ. ಹಂಗಾಗಿ ಇಲ್ಲಿ ಭಾಷಣಕ್ಕಿಂತ ಕೇಳಿಸ್ಕೊಳ್ಳೂದ ದೊಡ್ಡ ಕೆಲಸ. ಗಟಾರ, ಬೀದಿದೀಪ, ನಳದ ನೀರು, ಉದ್ಯೋಗ ಖಾತ್ರಿ ಕೂಲಿ, ಏನ ಹೇಳಿದ್ರೂ ಮನಿ ನಂಬರ ಜೋಡಿ ಬರ್ಕೋರಿ. ಮುಂದ ಗ್ರಾಮಸಭಾದಾಗ ಕೇಳಾಕ ಅದ ಪಟ್ಟಿ ಬೇಕಾಗತೈತಿ, ಗೆದ್ದವರು ಯಾರ ಇರ್ಲಿ.

18 ತುಂಬಿದ್ರೂ ಮತದಾರರ ಪಟ್ಟಿಯಾಗ ಹೆಸರು ಇರದವರು ಸಿಕ್ಕರ ನಮೂನೆ 6ರ (ಹೆಸರು ಸೇರಿಸೂ ಅರ್ಜಿ) ಬಗ್ಗೆ ಹೇಳಿ, ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕಡೆ ಕಳಸ್ರಿ.

ರೊಕ್ಕ, ಸೀರಿ, ಊಟದ ಮಾತು ನಮ್ಮ ಬಾಯಾಗ ಬರಬಾರದು. ಜಾತಿ ಹೆಸರಲೇ ಓಟು ಕೇಳಬ್ಯಾಡ್ರಿ. ಸಣ್ಣ ಹುಡುಗರ ಕೈಯಾಗ ಪಾಂಪ್ಲೆಟ್ ಕೊಡಬ್ಯಾಡ್ರಿ. ರಾತ್ರಿ 10ರಿಂದ ಮುಂಜಾನೆ 6ರ ತನಕ ಮೈಕ್ ಬಂದ್. ಎದುರಿನವರ ಜೋಡಿ ವಾದಕ್ಕ ಇಳಿಯಬ್ಯಾಡ್ರಿ. ಅವರೂ ನಮ್ಮ ಊರವರ.

ಪರೀಕ್ಷಾ ಇದ್ದವರು ಖರೇನ ಬರಬ್ಯಾಡ್ರಿ, ಓದ್ಕೋರಿ.

ಹೆಣ್ಣುಮಕ್ಕಳ ಜೋಡಿ ಮಾತಾಡಾಕ ಕನಿಷ್ಠ ನಾಲ್ಕು ಮಂದಿ ಅಕ್ಕಾರು ಬೇಕು. ಬರೂರು ಶನಿವಾರ ಸಂಜಿ 6ರೊಳಗ ಹೆಸರು, ಓಣಿ ಇಲ್ಲೇ ಗ್ರೂಪಿನಾಗ ಹಾಕ್ರಿ. ಬರೇ ಹೆಬ್ಬೆರಳು ತೋರಿಸಿದ್ರ ಲೆಕ್ಕಕ್ಕಿಲ್ಲ.